ನೂಲು ಪೋಣಿಸಿದ ಏಳು ಸೂಜಿ

ಬುಧವಾರ, ಮಾರ್ಚ್ ೧೨

ಪ್ರೀತಿಯ ಚಿಕ್ಕಮ್ಮನಿಗೆ ನಮಸ್ಕಾರ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಬೈದು ಮುಗಿದಿದ್ದರೆ ಮುಂದೆ ಓದು. ಕಣ್ಣಿನ ಆಪರೇಷನ್ ಆದಮೇಲೆ ಸಣ್ಣ ಅಕ್ಷರವೂ ಕಾಣುತ್ತದೆ ಎಂದು ನೀನು ಬರೆದಿದ್ದೆ. ಆದರೂ ದೊಡ್ಡದಾಗಿಯೇ ಬರೆಯುತ್ತಿದ್ದೇನೆ, ಆ ಕಣ್ಣಿಗೆ ಸುಮ್ಮನೆ ಯಾಕೆ ತೊಂದರೆ.

ಎಂ.ಎ. ಮುಗಿಸಿ ಎರಡು ವರ್ಷ ಕೂತು ಬರೆದ ಕಾದಂಬರಿಯನ್ನು ಪ್ರಕಾಶಕರು ಒಪ್ಪಿದ್ದರಲ್ಲ, ಅದರ ಕೊನೆಯ ಪ್ರೂಫ್ ಸೋಮವಾರ ಬಂತು. ನೂರ ಹನ್ನೆರಡನೆಯ ಪುಟದಿಂದ ಮುಂದಕ್ಕೆ ಒಂದೂವರೆ ಪುಟ ನಾನು ಬರೆದದ್ದೇ ಅಲ್ಲ.

ಕಥೆಯನ್ನು ನಿನಗೆ ಹೇಳಿರಲಿಲ್ಲ. ಮುನ್ನೂರು ವರ್ಷದ ಹಿಂದಿನದು. ಅರಮನೆಯ ದಂಡಿಗೆ ಡೇರೆ ಹೊಲಿಯುವ ಉದ್ದನೆಯ ಚಾವಡಿ. ನಲವತ್ತು ಜನರ ನಡುವೆ ಒಬ್ಬ ವಿಧವೆ ಹೊಲಿಯುತ್ತಾಳೆ, ಒಬ್ಬ ಬಟ್ಟೆ ಕತ್ತರಿಸುತ್ತಾನೆ. ಅವಳ ಕಣ್ಣು ಮಂಜಾಗುತ್ತಿದೆ. ಮೇಲಿನವರಿಗೆ ತಿಳಿದರೆ ಕೆಲಸದಿಂದ ತೆಗೆಯುತ್ತಾರೆ. ಅವನು ಅದನ್ನು ಗಮನಿಸುತ್ತಾನೆ. ಸಂಜೆ ಎಲ್ಲರೂ ಹೋದಮೇಲೆ ಹೊರಡುತ್ತಾನೆ. ಬೆಳಿಗ್ಗೆ ನೋಡಿದರೆ ಅವಳ ಸೂಜಿದಿಂಬಿನಲ್ಲಿ ಏಳು ಸೂಜಿ, ಏಳಕ್ಕೂ ನೂಲು ಪೋಣಿಸಿರುತ್ತದೆ. ಇಬ್ಬರೂ ಆ ಬಗ್ಗೆ ಮಾತೇ ಆಡುವುದಿಲ್ಲ. ದಂಡಿನ ಜೊತೆ ಅವನು ಹೊರಟುಹೋದ ದಿನವೂ ಏಳು ಸೂಜಿ ಇರುತ್ತವೆ. ಆರನ್ನು ಬಳಸುತ್ತಾಳೆ, ಏಳನೆಯದನ್ನು ಮುಟ್ಟದೆ ಉಳಿಸಿಕೊಳ್ಳುತ್ತಾಳೆ. ಅಷ್ಟೇ.

ಸಂಪಾದಕರು ಅಲ್ಲಿಗೆ ಬೆಳದಿಂಗಳು ತಂದಿದ್ದಾರೆ, ಅಪ್ಪುಗೆ ತಂದಿದ್ದಾರೆ, ತುಟಿ ನಡುಗಿಸಿದ್ದಾರೆ. ಅವಳ ಕೈಯಲ್ಲಿ ಇನ್ನೂ ಸೂಜಿ ಇದೆ ಎಂಬುದು ಮಾತ್ರ ಮರೆತುಹೋಗಿದೆ. ಡೇರೆ ಹೊಲಿಯುವ ಸೂಜಿ, ಬೆರಳುದ್ದದ್ದು. ಆ ಬಡಪಾಯಿಯ ಬೆನ್ನಿನ ಗತಿಯೇನು?

ನನ್ನನ್ನು ಮೂಗಿ ಎಂದು ಕರೆಯುತ್ತಿದ್ದೆಯಲ್ಲ, ಆ ಮೂಗಿ ನಿನ್ನೆ ಅವರ ಕಚೇರಿಗೆ ಹೋದಳು. ಅವರು ಚಹಾ ತರಿಸಿದರು, ಓದುಗರ ನಾಡಿ ತಮಗೆ ಗೊತ್ತು ಎಂದರು, ಆಮೇಲೆ ನಕ್ಕರು.

“ಸೂಜಿಗೆ ನೂಲು ಪೋಣಿಸಿದ್ರೆ ಪ್ರೇಮ ಆಗುತ್ತೇನಮ್ಮ? ಮನೇಲಿ ನಾನೂ ಪೋಣಿಸಿಕೊಡ್ತೀನಿ. ನಮ್ಮವಳು ಬೈಯೋದೇನೂ ಕಮ್ಮಿಯಾಗಿಲ್ಲ.”

ಪಕ್ಕದ ಮೇಜಿನಲ್ಲಿ ಟೈಪ್ ಮಾಡುತ್ತಿದ್ದಾಕೆಯೂ ನಕ್ಕಳು. ನನ್ನ ಕಿವಿ ಬಿಸಿಯಾಯಿತು. ಸದಾ ಆಗುವ ಹಾಗೆ ನಾಚಿಕೆಗೆ ಎಂದುಕೊಂಡೆ, ಸಿಟ್ಟಿಗೆ ಆಗಿತ್ತು. ನಲವತ್ತು ಜನರ ಕಣ್ಣೆದುರು ಬದುಕುವವರಿಗೆ ಬೆಳದಿಂಗಳು ಎಲ್ಲಿಂದ ಬರಬೇಕು? ಯಾರಾದರೂ ಕಂಡರೆ ಅವನಿಗೆ ಒಂದು ಬೈಗುಳ, ಅವಳಿಗೆ ಅನ್ನವೇ ಇಲ್ಲ. ಅವಳ ಅನ್ನ ಉಳಿಯಲಿ ಎಂದು ಕೈ ಹಿಡಿಯದೆ ಹೋದವನನ್ನು ಇವರು ಒಂದೂವರೆ ಪುಟದಲ್ಲಿ ಪೋಲಿ ಮಾಡಿಬಿಟ್ಟರು.

ಇದನ್ನೆಲ್ಲ ಹೇಳಬೇಕಿತ್ತು. ಬಾಯಿಗೆ ಬಂದದ್ದು ಒಂದೇ ಮಾತು.

“ಅವನು ಅವಳನ್ನ ಮುಟ್ಟಲ್ಲ, ಸರ್.”

“ಹಾಗಾದ್ರೆ ಪುಸ್ತಕಾನೂ ಇಲ್ಲ, ಬಿಡಮ್ಮ.”

ಪ್ರೂಫಿನ ಕಟ್ಟು ಎತ್ತಿಕೊಂಡು ಎದ್ದು ಬಂದೆ. ಚಹಾ ಹಾಗೆಯೇ ಇತ್ತು. ಮನೆಯಲ್ಲಿ ಹೇಳಿದರೆ ಅಮ್ಮ ತಲೆ ಚಚ್ಚಿಕೊಂಡಳು. ಯಾವುದೋ ಕಾಲದ ಯಾರೋ ಇಬ್ಬರು ಅಪ್ಪಿಕೊಂಡರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಿದಳು. ಅಮ್ಮನಿಗೆ ಉತ್ತರ ಕೊಡಲಿಲ್ಲ. ನಿನಗೆ ಕೊಡಬೇಕು ಅನ್ನಿಸಿತು.

ಕಣ್ಣಿಗೆ ಔಷಧಿ ಬಿಡುವುದನ್ನು ತಪ್ಪಿಸಬೇಡ. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ಇನ್ನೊಬ್ಬ ಪ್ರಕಾಶಕರ ಬಾಗಿಲು ತಟ್ಟುವವಳಿದ್ದೇನೆ.

ನಿನ್ನ
ಮೂಗಿ

ಮಡಿಚುವ ಮೊದಲು: ಈ ಕಥೆ ಎಲ್ಲಿಯದೆಂದು ನೀನು ಮೊದಲ ಸೂಜಿಗೇ ಗುರುತು ಹಿಡಿದಿರುತ್ತೀಯ. ನಿನ್ನ ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರು ಊರು ಬಿಟ್ಟು ಹೋದಮೇಲೆ ದಿಂಬಿನಲ್ಲಿ ಒಂದೇ ಸೂಜಿ ಉಳಿದಿತ್ತು, ನೀಲಿ ನೂಲಿನದು. ನನಗಾಗ ಎಂಟು ವರ್ಷ. ಆ ನೂಲನ್ನು ಎಳೆದು ಬೊಂಬೆಯ ಜಡೆಗೆ ಕಟ್ಟಿದೆ. ನೀನು ಖಾಲಿ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದೆ, ಮತ್ತೆ ಅದೇ ಜಾಗದಲ್ಲಿ ಚುಚ್ಚಿಟ್ಟೆ. ಪುಸ್ತಕದಲ್ಲಾದರೂ ಆ ನೂಲು ಸೂಜಿಯಲ್ಲೇ ಇರಲಿ ಎಂದು ಬರೆದೆ, ಚಿಕ್ಕಮ್ಮ.