ಒಂದೇ ಮಡಕೆಯ ಎರಡು ಗೊಗೊಗೊ

ಉಜಿಜಿ
೧೪ ಜೂನ್, ಶುಕ್ರವಾರ

ಪ್ರೀತಿಯ ಅಪ್ಪಾ,

ಶಿಕಾಮೋ, ನಿಮ್ಮ ಕಾಲಿಗೆ ನಮಸ್ಕಾರ. ಮಂಡಿನೋವು ಹೇಗಿದೆ? ಮೊರೊಗೊರೊದ ಚಳಿಗೆ ಕಿಬ್ವಾನಾ ದಪ್ಪ ಹೊದಿಕೆ ಕೊಟ್ಟಿದ್ದಾನೆಯೇ? ಮಗನ ಮನೆಯಲ್ಲೂ ನೀವು ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಈ ಕಾಗದ. ನೀವು ಇನ್ನು ತಿರುಗಿ ಬರುವುದಿಲ್ಲವಾದರೆ ನಿಮ್ಮ ದೋಣಿ ಯಾಕೆಂದು ನಾನೇ ಕಳಿಸಿದ ಮಾರಾಟದ ಪತ್ರ ನಿಮ್ಮ ಕೈ ಸೇರಿರಬೇಕು. ಅದರ ಮಾತು ಆಮೇಲೆ. ಮೊದಲು ನಿಮ್ಮ ಮೀನುಗಳ ವಿಷಯ. ಗಾಬರಿಯಾಗಬೇಡಿ, ಎರಡೂ ಬದುಕಿವೆ.

ನೀವು ಹೋದ ಮೇಲೆ ಮುಂದಿನ ಕೋಣೆಯ ಗಾಜಿನ ತೊಟ್ಟಿಯೆದುರು ಕೂತು ನಿಮ್ಮ ಕ್ಯಾಟ್‌ಫಿಶ್‌ಗಳನ್ನು ನೋಡುವುದು ನನಗೆ ಅಭ್ಯಾಸವಾಯಿತು. ಸರೋವರದ ಒಂದೇ ಬಂಡೆಬಿರುಕಿನಿಂದ ತಂದ ಗೊಗೊಗೊ ಜೋಡಿ, ಗಂಡಹೆಂಡಿರು ಎನ್ನುತ್ತಿದ್ದಿರಿ. ನಾನು ಕಂಡದ್ದು ಬೇರೆ. ದೊಡ್ಡದು ಚಿಕ್ಕದರ ಪಕ್ಕೆಗೆ ತಲೆಯಿಂದ ಗುದ್ದಿ, ಅವು ಅಡಗಲೆಂದು ನೀವು ತೊಟ್ಟಿಯೊಳಗಿಟ್ಟ ಮಡಕೆಯಿಂದ ಹೊರಗಟ್ಟುತ್ತಿತ್ತು. ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವವಳಲ್ಲವೇ, ಬರೆದಿಟ್ಟೆ: ಬೆಳಿಗ್ಗೆ ಆರರಿಂದ ಏಳರೊಳಗೆ ಹನ್ನೊಂದು ಸಲ. ಚಿಕ್ಕದರ ಬಾಲ ಹರಿದಿತ್ತು. ಕಳೆದ ಶನಿವಾರ ತೊಟ್ಟಿಯ ನಡುವೆ ಸೊಳ್ಳೆಪರದೆಯ ತುಂಡು ಕಟ್ಟಿ ಎರಡನ್ನೂ ಬೇರೆ ಮಾಡಿದೆ. ಇನ್ನು ನೆಮ್ಮದಿ ಎಂದುಕೊಂಡೆ. ನಿಮ್ಮನ್ನೂ ಅಮ್ಮನನ್ನೂ ಬೇರೆ ಮಾಡಿದಾಗಲೂ ಹಾಗೇ ಅಂದುಕೊಂಡಿದ್ದೆ. ದಿನವಿಡೀ ಜಗಳ, ಕೊನೆಗೆ ಅಮ್ಮ ಎಸೆದ ಉಗಾಲಿ ಮುದ್ದೆ ತಿರುವುವ ಕೋಲು ನಿಮ್ಮ ಹುಬ್ಬಿಗೆ ಬಿತ್ತು. ಮರುದಿನವೇ ರೈಲಿನ ಟಿಕೆಟ್ ತಂದವಳು ನಾನು.

ಚಿಕ್ಕದು ಪರದೆಗೆ ಮೈ ಒತ್ತಿಕೊಂಡೇ ಇತ್ತು. ದೊಡ್ಡದೂ ಮಡಕೆಯೊಳಗೆ ಹೋಗಲಿಲ್ಲ. ಎರಡೂ ಕಡೆ ಹಾಕಿದ ಆಹಾರ ಹಾಗೇ ಕೊಳೆಯಿತು. ನಿನ್ನೆ ಬೆಳಿಗ್ಗೆ ತೊಟ್ಟಿಯಿಂದ ಕರಕರ ಸದ್ದು. ಚಿಕ್ಕದರ ಪಕ್ಕದ ಮುಳ್ಳು ಪರದೆಗೆ ಸಿಕ್ಕಿಕೊಂಡಿತ್ತು. ಗೊಗೊಗೊ ಮುಳ್ಳು ಬಲೆಗೆ ಸಿಕ್ಕರೆ ಬಿಡಿಸಲಾಗದು ಎಂದು ಉಜಿಜಿಯ ಮಗುವಿಗೂ ಗೊತ್ತು. ನೀರಿಗೆ ಮುಳುಗಿ ಮೀನು ತರುತ್ತಿದ್ದವರ ಮಗಳು ನಾನು, ಮರೆತಿದ್ದೆ. ಕೈಹಾಕಿ ಎಳೆದೆ.

"ಎಳೀಬೇಡ ಕಣೇ ರಿಜಿಕಿ! ಮುಳ್ಳು ಕಿತ್ತು ಬರುತ್ತೆ!"

ಅಮ್ಮ ಉಗುರು ಕತ್ತರಿ ಹಿಡಿದು ಓಡಿಬಂದಳು. "ಈ ಮೀಸೆ ಮುದುಕರನ್ನ ಒಂದಿನ ಸಾರಿಗೆ ಹಾಕ್ತೀನಿ" ಎಂದು ಹನ್ನೆರಡು ವರ್ಷ ಬೈದವಳು, ಮೊಣಕೈವರೆಗೆ ಕೈ ನೀರಿಗಿಳಿಸಿ ಒಂದೊಂದೇ ಎಳೆ ಕತ್ತರಿಸಿದಳು. ಕಿವಿರಿನ ಬಡಿತ ನಿಧಾನವಾಗುತ್ತಿತ್ತು. ನಾನು ಎಣಿಸುತ್ತಿದ್ದೆ.

"ಎಣಿಸೋದು ಬಿಟ್ಟು ಪರದೆ ಹಿಡ್ಕೋ. ಮಕ್ಕಳಿಗೆ ಮೀನಿನ ಪಾಠ ಹೇಳ್ತಾಳಂತೆ, ಟೀಚರಮ್ಮ!"

ಬಿಡಿಸಿದ ಮೀನು ಮಗ್ಗುಲಾಗಿ ತಳಕ್ಕೆ ಬಿತ್ತು. ಅಲುಗಲಿಲ್ಲ. ಕತ್ತರಿಸಿದ ಪರದೆಯ ಸಂದಿನಿಂದ ದೊಡ್ಡದು ನೇರ ಬಂದು ಅದರ ಪಕ್ಕೆಗೆ ಗುದ್ದಿತು. ಮತ್ತೊಮ್ಮೆ ಗುದ್ದಿತು. ನಾನು ತಡೆಯಹೋದರೆ ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಸುಮ್ನಿರು. ಎಬ್ಬಿಸ್ತಾ ಇದೆ."

ಮೂರನೆಯ ಗುದ್ದಿಗೆ ಚಿಕ್ಕದು ಎದ್ದು ತೂರಾಡುತ್ತ ಮಡಕೆ ಸೇರಿತು. ದೊಡ್ಡದೂ ಹಿಂದೆಯೇ ಹೋಯಿತು. ಎರಡು ಬಾಲಗಳು ಹೊರಗೆ. ಎಬ್ಬಿಸುತ್ತಿತ್ತೋ, ಹೊಡೆಯುತ್ತಿತ್ತೋ, ನನಗೆ ಈಗಲೂ ಗೊತ್ತಿಲ್ಲ ಅಪ್ಪಾ. ನನ್ನ ಲೆಕ್ಕ ತಪ್ಪಿರಲಿಲ್ಲ. ಅದರ ಅರ್ಥ ಗೊತ್ತೆಂದುಕೊಂಡದ್ದು ತಪ್ಪು. ಅಮ್ಮ ಒಳಗೆ ಹೋಗಿ ತನ್ನ ಹುರುಳಿ ಬೇಯಿಸುವ ಬಾಯಿ ಒಡೆದ ಮಡಕೆ ತಂದು ತೊಟ್ಟಿಗೆ ಇಳಿಬಿಟ್ಟಳು. "ಒಂದೇ ಮಡಕೆ ಇಟ್ರೆ ಯಾರಾದ್ರೂ ಕಚ್ಚಾಡ್ತಾರೆ" ಎಂದಳು. ಇವತ್ತು ಎರಡೂ ತಿಂದವು. ಗುದ್ದಾಟವೂ ಇದೆ.

ಕಿಬ್ವಾನಾ, ಅವನ ಹೆಂಡತಿ, ಮಕ್ಕಳು ಎಲ್ಲರನ್ನೂ ಕೇಳಿದೆನೆಂದು ಹೇಳಿ. ನನ್ನ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಮಗಳು
ರಿಜಿಕಿ

ಲಕೋಟೆ ಅಂಟಿಸುವ ಮುನ್ನ: ದೋಣಿಯ ಪತ್ರಕ್ಕೆ ಸಹಿ ಹಾಕಬೇಡಿ, ಹರಿದುಬಿಡಿ. ನನ್ನ ಪುಸ್ತಕಗಳನ್ನು ತೆಗೆದು ಹಿಂದಿನ ಕೋಣೆ ನಿಮಗೆಂದು ಖಾಲಿ ಮಾಡಿದ್ದೇನೆ. ನಿಮ್ಮನ್ನು ಕರೆಸು ಎಂದು ಅಮ್ಮ ಹೇಳಿಲ್ಲ. ನಾನೂ ಅರ್ಥ ಹಚ್ಚುವುದಿಲ್ಲ, ಕೇಳಿದ್ದನ್ನಷ್ಟೇ ಬರೆಯುತ್ತೇನೆ. "ಗುರುವಾರದ ರೈಲು ಈಗ್ಲೂ ತಡವಾಗೇ ಬರುತ್ತಾ?" ಇವತ್ತು ಎರಡು ಸಲ ಕೇಳಿದಳು.