ಬೆವರು ಆರುವ ತನಕ

ಬೇವೂರು, ೧೨ ಮಾರ್ಚ್ ೧೯೪೩

ದೊಡ್ಡನಗೌಡರಿಗೆ, ನಿಮ್ಮ ಕುದುರೆ ನೋಡಿಕೊಳ್ಳುವ ಪಕ್ಕೀರಪ್ಪನ ಶರಣು.

ನೀವು ಕುಷ್ಟಗಿಗೆ ಹೋದ ಮೇಲೆ ನಿಮ್ಮನ್ನು ಕೇಳದೆ ಕುದುರೆಯನ್ನು ಕೊಪ್ಪಳಕ್ಕೆ ಓಡಿಸಿದೆ. ಮಗಳು ಕಸ್ತೂರಿಗೆ ಜ್ವರ ನೆತ್ತಿಗೇರಿತ್ತು, ಔಷಧ ತರಬೇಕಿತ್ತು. ನಸುಕಿನಲ್ಲಿ ಹೊರಟವನು ಇಳಿಹೊತ್ತಿಗೆ ಮರಳಿದೆ.

ಕುದುರೆಗೆ ಏನೂ ಆಗಿಲ್ಲ. "ಮೊದಲ ಕುದುರಿ, ಆಮ್ಯಾಲ ನೀನು" ಎಂದು ನೀವು ಕಲಿಸಿದಂತೆ, ಬೆವರು ಆರುವ ತನಕ ನನ್ನ ಅಂಗಳದಲ್ಲಿ ನಿಧಾನವಾಗಿ ನಡೆದಾಡಿಸಿದೆ. ಬೆನ್ನು ತಿಕ್ಕಿದೆ. ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಿದೆ. ಕಾಲು ಬಾತಿಲ್ಲ. ಮರುದಿನ ಹುರುಳಿಯನ್ನೂ ತಿಂದಿತು.

ಔಷಧದ ಬಾಟಲಿಯನ್ನು ಬಂದ ಕೂಡಲೇ ಹೆಂಡತಿಯ ಕೈಗೆ ಕೊಟ್ಟಿದ್ದೆ. ಅವಳು ಎರಡು ಸಲ ಬಾಗಿಲಿಗೆ ಬಂದು, "ಕೂಸು ನಿಮ್ಮನ್ನ ಕರ್ಯಾಕ ಹತ್ತೈತಿ, ಒಳಗ ಬರ್ರಿ" ಅಂದಳು.

"ಬೆವರ ಆರ್ಲಿ, ಬಂದೆ" ಅಂದೆ.

ಮೂರನೆಯ ಸಲ ಅವಳು ಬರಲಿಲ್ಲ. ಒಳಗಿನಿಂದ ಅವಳ ಗೋಳಾಟ ಕೇಳಿಸಿತು. ಕುದುರೆಯ ಹಗ್ಗ ಆಗಲೂ ನನ್ನ ಕೈಯಲ್ಲೇ ಇತ್ತು.

ಕುದುರೆಯನ್ನು ಒಯ್ಯಲು ಯಾರನ್ನಾದರೂ ಬೇಗ ಕಳಿಸಿರಿ. ಅದು ಕೆನೆದರೆ ಸಾಕು, ನಾನು ಎದ್ದು ಅದರ ಹತ್ತಿರ ಹೋಗುತ್ತೇನೆ. ಹೆಂಡತಿ ಅದನ್ನು ನೋಡುತ್ತಾ ಕೂತಿರುತ್ತಾಳೆ.

ನಿಮ್ಮ ಆಳು,
ಪಕ್ಕೀರಪ್ಪ