ಕೆಂಪು ಮುಚ್ಚಳದ ಹಾಲು

ಮಾರ್ಚ್ 2, ಬೆಳಿಗ್ಗೆ

ಹಾಲು ಕರೆದಾಯಿತು. ಎರಡು ಹಸುಗಳಲ್ಲಿ ಕೆಂಚಿ ಎಂದಿನಂತೆ. ಚುಕ್ಕಿಯ ಕೆಚ್ಚಲು ಊದಿದೆ, ಮುಟ್ಟಿದರೆ ಒದೆ. ಮಾವ ಹಳೆಯ ಪಾಠ ತೆಗೆದರು — "ಎರಡಕ್ಕೂ ಒಂದೊಂದು ಇಂಜೆಕ್ಷನ್ ಕೊಡಿಸಮ್ಮ. ಕೆಂಚಿಗೂ ಮುಂಜಾಗ್ರತೆ." ಹೋದ ವರ್ಷವೆಲ್ಲ ಮಾಡಿದ್ದು ಅದೇ. ಔಷಧಿಗೆ ಸುರಿದ ದುಡ್ಡು ಮೇವಿಗೆ ಸುರಿದದ್ದಕ್ಕೆ ಸಮ.

ನೋಡಲು ಬಂದ ದನದ ಡಾಕ್ಟರು ನಕ್ಕರು. "ಯಜಮಾನ್ರೇ, ಸೊಸೆಗೆ ಜ್ವರ ಬಂದ್ರೆ ನೀವೂ ಮಾತ್ರೆ ನುಂಗ್ತೀರಾ? ಸುಮ್‌ಸುಮ್ನೆ ಕೊಡ್ತಾ ಹೋದ್ರೆ, ನಿಜವಾಗಿ ಬೇಕಾದಾಗ ಔಷಧಿ ನಾಟೋದೇ ಇಲ್ಲ."

ಚುಕ್ಕಿಗೆ ಮಾತ್ರ. ಮೂರು ದಿನ ಇಂಜೆಕ್ಷನ್, ಮತ್ತೆ ನಾಲ್ಕು ದಿನ ಕಾಯಬೇಕು. ಏಳು ದಿನದ ಹಾಲು ಗೊಬ್ಬರದ ಗುಂಡಿಗೆ. ಮಾವ — "ಇಷ್ಟು ಹಾಲು ಕುಡಿದ್ರೆ ಗುಂಡಿ ನಮ್ಮೆಲ್ಲರಿಗಿಂತ ದಪ್ಪ ಆಗತ್ತೆ!"

ಸಂಜೆ

ಮೊಸರಕ್ಕನಿಗೆ ವಿಷಯ ಹೇಳಿದೆ. ಮೊಸರು ಮಾಡಿ ಮಾರುವವಳು. ಡೇರಿಗಿಂತ ಕಾಲು ಪಾಲು ಹೆಚ್ಚು ಕೊಡುತ್ತಾಳೆ, ಷರತ್ತು ಒಂದೇ: ಔಷಧಿ ಹಾಲು ಬೆರೆಯಬಾರದು. ಬೆರೆತರೆ ಹೆಪ್ಪು ಕೂರುವುದಿಲ್ಲ, ಹಂಡೆಯಷ್ಟೂ ಹಾಳು. ಹೋದ ತಿಂಗಳು ನಮ್ಮಿಂದ ಒಮ್ಮೆ ಹಾಗಾಗಿದೆ. "ಇನ್ನೊಂದ್ಸಲ ಆದ್ರೆ ನಿನ್ನ ದಾರಿ ನಿಂಗೆ, ನನ್ನ ದಾರಿ ನಂಗೆ."

ಕ್ಯಾನುಗಳೆರಡೂ ಅವಳಿಜವಳಿ. ಚುಕ್ಕಿಯದಕ್ಕೆ ಕೆಂಪು ಮುಚ್ಚಳ, ಕೆಂಚಿಯದಕ್ಕೆ ಬಿಳಿ. ಮಾವನಿಗೆ ಮೂರು ಸಲ ಹೇಳಿದೆ. ಮೂರು ಸಲವೂ ತಲೆಯಾಡಿಸಿದರು.

ಮಾರ್ಚ್ 5, ಬೆಳಿಗ್ಗೆ

ಬಿಳಿ ಮುಚ್ಚಳದ ಕ್ಯಾನು ಆಟೋ ಹತ್ತಿತು. ಕೆಂಪಿನದು ಗುಂಡಿಗೆ. ಆಮೇಲೆ ಮಾವ ಮೀಸೆ ತಿರುವುತ್ತಾ — "ಆಟೋ ಬರೋಕೆ ಮುಂಚೆ ನೋಡ್ದೆ, ಮುಚ್ಚಳ ಗಲೀಜಾಗಿತ್ತು. ಎರಡನ್ನೂ ಬಿಚ್ಚಿ ಉಜ್ಜಿ ಹಾಕಿದೀನಿ. ಹೆಂಗೆ?"

"ಯಾವುದಕ್ಕೆ ಯಾವುದು ಹಾಕಿದ್ರಿ?"

"ಮುಚ್ಚಳ ಮುಚ್ಚಳವೇ ಅಲ್ವೇನಮ್ಮ?"

ಆಟೋ ಹತ್ತಿದ್ದು ಚುಕ್ಕಿಯ ಔಷಧಿ ಹಾಲೇ ಇರಬಹುದು. ಸುಮ್ಮನಿದ್ದರೆ ಅದೃಷ್ಟ ಕೈಹಿಡಿದರೂ ಹಿಡಿಯಬಹುದು. ಹೇಳಿದರೆ ಬೈಗುಳ ಖಂಡಿತ... ಮೊಸರಕ್ಕನಿಗೆ ಫೋನು ಮಾಡಿದೆ.

"ಪುಣ್ಯಾತ್ಗಿತ್ತಿ! ಹಂಡೆಗೆ ಸುರಿಯೋಕೆ ಕ್ಯಾನ್ ಎತ್ತಿದ್ದೆ ಕಣೆ!" ಹಾಲನ್ನು ಬೇರೆ ಇಟ್ಟಳಂತೆ. ಒಂದು ಬಟ್ಟಲಿಗೆ ಮಾತ್ರ ಹೆಪ್ಪು ಹಾಕಿ ನಾಳೆ ತರುತ್ತಾಳೆ. ನಮ್ಮ ವ್ಯಾಪಾರವೆಲ್ಲ ಈಗ ಆ ಬಟ್ಟಲಿನಲ್ಲಿ.

ಮಾರ್ಚ್ 6

ಬಂದಳು, ಮುಖ ಬಿಗಿದುಕೊಂಡು. ಮಾವ ಸ್ಟೂಲ್ ಎಳೆದು ಕೂತೇಬಿಟ್ಟರು. "ನನ್ನ ತಲೆ ಮೇಲೆ ಮಗುಚವ್ವ. ಗಟ್ಟಿ ಮೊಸರು. ಒಂದು ಹನಿ ಬಿದ್ರೆ ಕೇಳು!"

ಮಗುಚಿದಳು.

ಒಂದು ಹನಿಯಲ್ಲ. ಬಟ್ಟಲಿಗೆ ಬಟ್ಟಲೇ ಮಾವನ ಬೋಳುತಲೆಯಿಂದ ಮೀಸೆಗೆ, ಮೀಸೆಯಿಂದ ಅಂಗಿಗೆ. ಹೆಪ್ಪೇ ಕೂತಿಲ್ಲ. ಅಂದರೆ ಗುಂಡಿ ಕುಡಿದದ್ದು ಕೆಂಚಿಯ ಒಳ್ಳೆ ಹಾಲು! ಮೊಸರಕ್ಕ ಮೆಟ್ಟಿಲ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕಣ್ಣೊರೆಸಿಕೊಂಡು — "ನೀನು ಬಾಯಿ ಮುಚ್ಕೊಂಡಿದ್ರೆ ನನ್ನ ಹಂಡೆ ಹೋಗ್ತಿತ್ತು. ಹೇಳೋರ ಹಾಲು ನಂಗೆ ಬೇಕು. ಸಂಜೆಯಿಂದ ಕೆಂಚಿದು ಕಳ್ಸು. ಮುಚ್ಚಳ ನೀನೇ ಹಾಕು."

ಮಾರ್ಚ್ 9

ಚುಕ್ಕಿಯ ಕೆಚ್ಚಲು ಮೆತ್ತಗಾಗಿದೆ. ಡಾಕ್ಟರು ನೋಡಿ ಹೂಂ ಅಂದರು. ಇವತ್ತಿನಿಂದ ಅವಳ ಹಾಲೂ ಮೊಸರಕ್ಕನಿಗೆ.

ಮುಚ್ಚಳ ನಂಬಬಾರದು ಅಂತ ಮಾವನೇ ಪೇಂಟ್ ತಂದಿದ್ದಾರೆ. ಮುಂದೆ ಔಷಧಿ ಹಾಲಿಗೆ ಅಂತಲೇ ಒಂದು ಕ್ಯಾನು, ಮೈಯೆಲ್ಲ ಕೆಂಪು. ಚೆನ್ನಾಗಿಯೇ ಬಳಿದಿದ್ದಾರೆ, ಕಿಟಕಿಯಿಂದ ಕಾಣುತ್ತಿದೆ. ಈಗ ಏನೋ ಕೂಗುತ್ತಿದ್ದಾರೆ — "ಅರ್ಧ ಡಬ್ಬಿ ಬಣ್ಣ ಮಿಕ್ಕಿದೆ ಕಣಮ್ಮ, ಸುಮ್ನೆ ಯಾಕೆ ಒಣಗಿಸೋದು? ಇನ್ನೊಂದು ಕ್ಯಾನಿಗೂ..."

ಅಯ್ಯೋ ಮಾವ, ನಿಲ್—